ಕ್ರಿಸ್ಮಸ್ ರಾತ್ರಿ ಪೂಜೆಗೆ ಬೇರೆ ಧರ್ಮದ ಫ್ರೆಂಡ್ಸನ್ನ ಕರೆಯೋದು ಹೇಗೆ

ಡಿಸೆಂಬರ್ ಬಂತು ಅಂದ್ರೆ ಆಫೀಸಲ್ಲೋ ಅಪಾರ್ಟ್‌ಮೆಂಟಲ್ಲೋ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ನಿಮ್ಮ ಚರ್ಚಲ್ಲಿ ರಾತ್ರಿ ಹನ್ನೆರಡಕ್ಕೆ ಪೂಜೆ ಇರತ್ತಂತಲ್ಲ, ನಾವು ಬರಬಹುದಾ, ಒಳಗೆ ಬಿಡ್ತಾರಾ?" ಅಂತ. ನಮ್ಮೋರು "ಅಯ್ಯೋ ಬನ್ನಿ ಬನ್ನಿ, ಯಾರು ಬೇಕಾದ್ರೂ ಬರಬಹುದು" ಅಂದು ಅಲ್ಲಿಗೆ ಕೈ ತೊಳ್ಕೊಂಡ್ಬಿಡ್ತಾರೆ. ಪಾಪ ಅವರು ಬಂದು, ಯಾವಾಗ ಎದ್ದು ನಿಲ್ಲಬೇಕು ಯಾವಾಗ ಮಂಡಿ ಊರಬೇಕು ಒಂದೂ ಗೊತ್ತಾಗ್ದೆ ಅಕ್ಕಪಕ್ಕದೋರ ಮುಖ ನೋಡ್ಕೊಂಡು ಕೂತಿದ್ದು, ಹೊರಗೆ ಬಂದು "ತುಂಬಾ ಚೆನ್ನಾಗಿತ್ತು" ಅಂತಾರೆ, ಆಮೇಲೆ ಮುಂದಿನ ವರ್ಷ ಆ ಮಾತೇ ಎತ್ತಲ್ಲ. ಕರೆದ ಮೇಲೆ ಅಲ್ಲಿ ಏನೇನು ನಡೆಯತ್ತೆ, ಅವರು ಏನು ಮಾಡಬೇಕು, ಏನು ಮಾಡೋ ಅಗತ್ಯಾನೇ ಇಲ್ಲ ಅಂತ ಮೊದಲೇ ಹೇಳೋ ಜವಾಬ್ದಾರಿ ನಮ್ಮದು. ನಾನು ಕ್ಯಾಥೊಲಿಕ್ ಕಡೆಯಿಂದ ಬರೀತಿದ್ದೀನಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥಡಿಸ್ಟ್ ಥರದ ಪ್ರೊಟೆಸ್ಟೆಂಟ್ ಸಭೆಯೋರು ಅಲ್ಲಲ್ಲಿ ನಿಮಗೆ ಹೊಂದೋ ಹಾಗೆ ಬದಲಾಯಿಸ್ಕೊಳ್ಳಿ.

ಯಾವ ಪೂಜೆಗೆ ಕರೀಬೇಕು ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಮೊದಲ ಸಲ ಬರೋರಿಗೆ ಡಿಸೆಂಬರ್ 24ರ ರಾತ್ರಿಗಿಂತ ಒಳ್ಳೇದು ಇನ್ನೊಂದಿಲ್ಲ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಇರತ್ತೆ, ನಕ್ಷತ್ರ ಇರತ್ತೆ, ಹಾಡು ಇರತ್ತೆ, ಕಥೆ ಎಲ್ರಿಗೂ ಅಲ್ಪಸ್ವಲ್ಪ ಗೊತ್ತಿರತ್ತೆ. ಅಷ್ಟು ಹೊತ್ತು ಒಳಗೆ ಕೂರೋದು ಬೇಡ, ಆದ್ರೆ ಹಬ್ಬದ ವಾತಾವರಣ ನೋಡಬೇಕು ಅನ್ನೋರನ್ನ ಸಂತರ ಹಬ್ಬಕ್ಕೆ ಕರ್ಕೊಂಡು ಹೋಗಿ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ತೇರು, ಕೆ.ಆರ್. ನಗರದ ಹತ್ರ ಡೋರ್ನಹಳ್ಳೀಲಿ ಜೂನ್ 13ರ ಅಂತೋಣಿಯವರ ಹಬ್ಬ, ಕಾರ್ಕಳದ ಅತ್ತೂರಲ್ಲಿ ಜನವರಿಯ ಸಂತ ಲಾರೆನ್ಸರ ಜಾತ್ರೆ, ಇಲ್ಲೆಲ್ಲ ಎಲ್ಲಾ ಧರ್ಮದೋರೂ ಮೊದಲಿಂದ ಬರ್ತಾರೆ, ನಿಮ್ಮ ಗೆಸ್ಟು "ನಾನೊಬ್ಬನೇ ಹೊರಗಿನೋನು" ಅಂತ ಮುದುರಿಕೊಳ್ಳೋ ಪ್ರಶ್ನೇನೇ ಬರಲ್ಲ.

ಶುಭ ಶುಕ್ರವಾರಕ್ಕೆ (ಗುಡ್ ಫ್ರೈಡೇ, ಯೇಸುವನ್ನ ಶಿಲುಬೆಗೇರಿಸಿದ ದಿನ) ಹೊಸಬರನ್ನ ಕರೀಬೇಡಿ ಅಂತ ನಾನು ಹೇಳಲ್ಲ, ಆದ್ರೆ ಎಚ್ಚರ ಇರಲಿ. ಅವತ್ತು ಬಲಿಪೂಜೆನೇ (ಮಾಸ್, ಅಂದ್ರೆ ಬೇರೆ ದಿನದ ಮಾಮೂಲಿ ಪೂಜೆ) ಇರಲ್ಲ, ಗಂಟೆ ಬಾರಿಸಲ್ಲ, ಪೀಠದ ಮೇಲಿನ ಬಟ್ಟೆ ಕೂಡ ತೆಗೆದಿರ್ತಾರೆ, ಮಧ್ಯಾಹ್ನ ಮೂರರ ಸುಮಾರಿಗೆ ಯೇಸುವಿನ ಪಾಡುಗಳ ವಾಚನ, ಶಿಲುಬೆಗೆ ಮುತ್ತಿಡೋದು, ಇವೇ ಮುಖ್ಯ. ಸಿಎಸ್‌ಐನಲ್ಲಿ ಬಹಳ ಕಡೆ ಹನ್ನೆರಡರಿಂದ ಮೂರರ ತನಕ ಶಿಲುಬೆಯ ಏಳು ಮಾತುಗಳ ಮೇಲೆ ಧ್ಯಾನ ನಡೆಯತ್ತೆ. ಇದು ದುಃಖದ ದಿನ ಅಂತ ಮೊದಲೇ ಹೇಳದಿದ್ರೆ ಅವರು ಜರಿ ಸೀರೆ ಉಟ್ಕೊಂಡು ಸ್ವೀಟ್ ಬಾಕ್ಸ್ ತಗೊಂಡು ಬಂದ್ಬಿಡ್ತಾರೆ, ತಪ್ಪು ಅವರದಲ್ಲ. ಆ ದಿನ ವಾಟ್ಸಾಪಲ್ಲಿ "ಹ್ಯಾಪಿ ಗುಡ್ ಫ್ರೈಡೇ" ಬರೋದು ಹೇಗೂ ನಿಲ್ಲಲ್ಲ ಬಿಡಿ.

ಈಸ್ಟರ್ ಹಿಂದಿನ ಶನಿವಾರ ರಾತ್ರಿಯ ಜಾಗರಣೆ ವರ್ಷದಲ್ಲೇ ಚೆಂದದ ಪೂಜೆ ಅಂತ ನನ್ನ ಅಭಿಪ್ರಾಯ. ಚರ್ಚ್ ಲೈಟೆಲ್ಲ ಆಫ್, ಹೊರಗೆ ಅಂಗಳದಲ್ಲಿ ಬೆಂಕಿ ಹಾಕಿ, ಆ ಬೆಂಕಿಯಿಂದ ದೊಡ್ಡ ಪಾಸ್ಕ (ಈಸ್ಟರ್) ಮೇಣದಬತ್ತಿ ಹಚ್ಚಿ, ಅದರಿಂದ ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹಚ್ಕೊಂಡು ಹೋಗ್ತಾರೆ, ನೋಡ್ತಾ ನೋಡ್ತಾ ಇಡೀ ಚರ್ಚು ಬೆಳಗತ್ತೆ. ಆದ್ರೆ ಆಮೇಲೆ ಬೈಬಲ್ಲಿನ ಹಳೇ ಒಡಂಬಡಿಕೆಯಿಂದ ವಾಚನಗಳು, ಪೂರ್ತಿ ಓದಿದ್ರೆ ಏಳು, ಮತ್ತೆ ನೀರಿನ ಆಶೀರ್ವಾದ, ಕೆಲವು ಕಡೆ ಜ್ಞಾನಸ್ನಾನ (ಬ್ಯಾಪ್ಟಿಸಂ), ಎರಡು ಗಂಟೆ ದಾಟೋದು ಮಾಮೂಲು. ನಮ್ಮೋರೇ ಮೂರನೇ ವಾಚನಕ್ಕೆ ತೂಕಡಿಸ್ತಾರೆ! ಕ್ರಿಸ್ಮಸ್‌ಗೆ ಒಂದೆರಡು ವರ್ಷ ಬಂದು ಇಷ್ಟಪಟ್ಟೋರಿಗೆ ಮಾತ್ರ ಇದನ್ನ ಇಟ್ಕೊಳ್ಳಿ.

ಇನ್ನು ಕರೆಯೋ ರೀತಿ. ದೇವದೂತರ ಚಿತ್ರ, ವಾಕ್ಯ, ಮಿಣಮಿಣ ಅನ್ನೋ ಪೋಸ್ಟರ್ ಫಾರ್ವರ್ಡ್ ಮಾಡಿದ್ರೆ ಅದು ಕರೆದಂಗಲ್ಲ, ನಮ್ಮ ಕಡೆ ಮನೆಗೆ ಹೋಗಿ ಬಾಯ್ತುಂಬ ಕರೆದ್ರೇನೇ ಕರೆದಂಗೆ. ಪಕ್ಕದ ಮನೆ ಆಂಟಿ ಅಂಕಲ್ ಆದ್ರೆ ಬಾಗಿಲಿಗೆ ಹೋಗಿ, ಆಫೀಸೋರಾದ್ರೆ ಫೋನ್ ಮಾಡಿ, ಆಮೇಲೆ ಬೇಕಾದ್ರೆ ಮೆಸೇಜ್ ಹಾಕಿ. ಮೆಸೇಜಲ್ಲಿ ಇಷ್ಟಿದ್ರೆ ಸಾಕು:

"ಆಂಟಿ, 24ನೇ ತಾರೀಕು ರಾತ್ರಿ ನಮ್ಮ ಚರ್ಚಲ್ಲಿ ಕನ್ನಡ ಪೂಜೆ ಇದೆ, ಹನ್ನೊಂದಕ್ಕೆ ಹಾಡು ಶುರು, ಹನ್ನೊಂದೂವರೆಗೆ ಪೂಜೆ, ಒಂದು ಗಂಟೆಗೆಲ್ಲ ಮುಗಿಯತ್ತೆ. ನಾವು ಹತ್ತೂವರೆಗೆ ಕಾರಲ್ಲಿ ಹೊರಡ್ತೀವಿ, ನಿಮಗೆ ಜಾಗ ಇದೆ. ಸ್ವೆಟರ್ ಹಾಕ್ಕೊಳ್ಳಿ, ಹೊರಗೆ ಶಾಮಿಯಾನದಲ್ಲಿ ಕೂರಬೇಕಾಗಬಹುದು. ಮಧ್ಯದಲ್ಲಿ ಹೊರಡಬೇಕು ಅನ್ಸಿದ್ರೆ ಧಾರಾಳವಾಗಿ ಹೊರಡಬಹುದು."

ಟೈಮು, ಭಾಷೆ, ಹೋಗಿಬರೋ ವ್ಯವಸ್ಥೆ, ಮುಗಿಯೋ ಹೊತ್ತು, ಇಷ್ಟರಲ್ಲಿ ಒಂದನ್ನೂ ಬಿಡಬೇಡಿ. ಬೆಂಗಳೂರಲ್ಲಿ ಒಂದೇ ಚರ್ಚಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಬೇರೆ ಬೇರೆ ಟೈಮಿಗೆ ಇರತ್ತೆ, ಗೆಸ್ಟಿಗೆ ಅರ್ಥ ಆಗೋ ಭಾಷೆಗೆ ಕರ್ಕೊಂಡು ಹೋಗಿ, ನಿಮಗೆ ಅನುಕೂಲ ಆಗೋ ಟೈಮಿಗಲ್ಲ. ಹನ್ನೆರಡು ಗಂಟೆ ಅಂತ ಬಾಯಲ್ಲಿ ಹೇಳಿದ್ರೂ ಈಗ ಎಷ್ಟೋ ಕಡೆ ಸಂಜೆ ಏಳು ಎಂಟಕ್ಕೇ ಮುಗಿಸ್ತಾರೆ, ಸಿಎಸ್‌ಐ ಸಭೆಗಳಲ್ಲಿ ಬಹಳ ಕಡೆ ಮುಖ್ಯ ಆರಾಧನೆ 25ರ ಬೆಳಗ್ಗೆ ಇರತ್ತೆ, ಅದಕ್ಕೆ ನೋಟಿಸ್ ಬೋರ್ಡ್ ನೋಡಿಯೇ ಹೇಳಿ.

ಬಾಯಿಬಿಟ್ಟು ಕೇಳದೇ ಇರೋ ಪ್ರಶ್ನೆಗಳು ಅಂತ ಕೆಲವು ಇರ್ತವೆ. ಹೆಣ್ಮಕ್ಕಳಿಗೆ "ತಿಂಗಳ ರಜೆ ಇದ್ರೆ ಬರಬಹುದಾ" ಅನ್ನೋದು, ಸೂತಕ ಇರೋ ಮನೆಯೋರು ಬರಬಹುದಾ ಅನ್ನೋದು, ಮಧ್ಯಾಹ್ನ ನಾನ್‌ವೆಜ್ ತಿಂದಿದ್ರೆ ಹೇಗೆ ಅನ್ನೋದು. ಇದ್ಯಾವುದೂ ಚರ್ಚಲ್ಲಿ ಅಡ್ಡಿ ಇಲ್ಲ ಅಂತ ಮಾತಿನ ನಡುವೆ ನೀವೇ ಹೇಳ್ಬಿಡಿ, ಹೆಂಗಸರಿಗೆ ಮನೆಯ ಹೆಂಗಸರ ಕೈಲಿ ಹೇಳಿಸಿದ್ರೆ ಇನ್ನೂ ಒಳ್ಳೇದು. ಚಪ್ಪಲಿ ವಿಷಯ ನಿಮ್ಮ ಚರ್ಚಿನ ಪದ್ಧತಿ ನೋಡ್ಕೊಳ್ಳಿ, ಸಿಟೀಲಿ ಹಾಕ್ಕೊಂಡೇ ಹೋಗ್ತಾರೆ, ಹಳ್ಳಿ ಕಡೆ ಎಷ್ಟೋ ಕಡೆ ಹೊರಗೆ ಬಿಡ್ತಾರೆ. ಹಣೆ ಕುಂಕುಮ ಅಳಿಸ್ಕೊಂಡು ಬರೋದೆಲ್ಲ ಖಂಡಿತ ಬೇಡ.

ಕೂರಿಸೋ ಜಾಗ. ಗೌರವ ಕೊಡೋಕೆ ಅಂತ ಮೊದಲ ಸಾಲಲ್ಲಿ ಕೂರಿಸೋರು ಇದ್ದಾರೆ, ದಯವಿಟ್ಟು ಬೇಡ, ಮುಂದೆ ಯಾರೂ ಇಲ್ಲದಿದ್ರೆ ಯಾವಾಗ ಏಳಬೇಕು ಅಂತ ಅವರು ಯಾರನ್ನ ನೋಡ್ಕೋಬೇಕು? ಮಧ್ಯಕ್ಕಿಂತ ಸ್ವಲ್ಪ ಹಿಂದೆ, ನಡೆಯೋ ದಾರಿಯ ಪಕ್ಕ ಕೂರಿಸಿ, ನೀವು ಪಕ್ಕದಲ್ಲೇ ಕೂತ್ಕೊಳ್ಳಿ. ನೀವು ಕಾಯರಲ್ಲಿ ಹಾಡೋರೋ ವಾಲಂಟಿಯರ್ರೋ ಆಗಿದ್ರೆ ಮನೆಯೋರನ್ನ ಯಾರನ್ನಾದ್ರೂ ಅವರ ಜೊತೆ ಬಿಡಿ, ಒಬ್ಬರನ್ನೇ ಕೂರಿಸಿ ಮೇಲೆ ಹಾಡೋಕೆ ಹೋಗಬೇಡಿ. ಎಲ್ರೂ ಮಂಡಿ ಊರಿದಾಗ ಅವರು ಸುಮ್ನೆ ಕೂತಿದ್ರೆ ಸಾಕು ಅಂತ ಹೇಳಿ. ಕಾಣಿಕೆ ಚೀಲ ಬಂದಾಗ ಹಾಕಲೇಬೇಕು ಅಂತಿಲ್ಲ ಅಂತಾನೂ ಹೇಳಿ, ಇಲ್ಲಾಂದ್ರೆ ಐನೂರರ ನೋಟು ಹಿಡ್ಕೊಂಡು ಚಿಲ್ಲರೆ ಇಲ್ವಲ್ಲ ಅಂತ ಒದ್ದಾಡ್ತಾರೆ. ಸಮಾಧಾನ ಹಂಚಿಕೊಳ್ಳೋ ಹೊತ್ತಿಗೆ ಪಕ್ಕದೋರು ತಿರುಗಿ ಕೈ ಮುಗೀತಾರೆ, ಅದನ್ನ ಮಾತ್ರ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅಲ್ಲಿ ಗೆಸ್ಟಿನ ಮುಖ ನೋಡಿ, ಅಷ್ಟು ಹೊತ್ತಿನ ಬಿಗಿ ಒಂದೇ ಸಲ ಇಳಿಯತ್ತೆ.

ಎಡವಟ್ಟಾಗೋದು ಪರಮಪ್ರಸಾದದ (ಪವಿತ್ರಗೊಳಿಸಿದ ರೊಟ್ಟಿಯ ತುಣುಕು ಕೊಡೋ) ಹೊತ್ತಲ್ಲಿ. ದೇವಸ್ಥಾನದಲ್ಲಿ ಪ್ರಸಾದ ಬೇಡ ಅನ್ನಬಾರದು ಅಂತ ಕಲಿತು ಬೆಳೆದೋರು, ಎಲ್ರೂ ಸಾಲಾಗಿ ಹೋದ್ರೆ ಅವರೂ ಎದ್ದು ಹೋಗಿ ಕೈ ಚಾಚ್ತಾರೆ, ಫಾದರ್ ಒಂದು ಕ್ಷಣ ತಡೀತಾರೆ, ಹಿಂದೆ ಇರೋರೆಲ್ಲ ನೋಡ್ತಾರೆ, ಅಲ್ಲಿಗೆ ಹಬ್ಬ ಕೆಟ್ಟಂಗೆ. ಹೊರಡೋಕೆ ಮುಂಚೆ ಮನೇಲೇ ಹೇಳಿ: ಇದು ಜ್ಞಾನಸ್ನಾನ ಆಗಿ ಮೊದಲ ಪರಮಪ್ರಸಾದ ತಗೊಂಡೋರಿಗೆ ಮಾತ್ರ, ನಮ್ಮ ಮನೆ ಚಿಕ್ಕ ಮಕ್ಕಳಿಗೂ ಕೊಡಲ್ಲ, ನಾವು ಹೋಗಿ ಬರೋ ತನಕ ನೀವು ಕೂತಿರಿ. ಆ ಮಕ್ಕಳ ಮಾತು ಸೇರಿಸೋದು ಮರೀಬೇಡಿ, ಅದನ್ನ ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಸಾಧ್ಯ ಆದ್ರೆ ಮಗುವನ್ನ ಅವರ ಜೊತೆನೇ ಕೂರಿಸಿ. ಪೂಜೆ ಮುಗಿದ ಮೇಲೆ ಬಾಲಯೇಸುವಿನ ಪ್ರತಿಮೆಗೆ ಮುತ್ತಿಡೋ ಸಾಲು ಇದ್ರೆ ಅದಕ್ಕೆ ಯಾರು ಬೇಕಾದ್ರೂ ಹೋಗಬಹುದು, ಗೋದಲಿ ಮುಂದೆ ಫೋಟೋ ಕೂಡ ಆವಾಗ್ಲೇ.

ಆಮೇಲೆ ತಿಂಡಿ. ಮನೆಗೆ ಕರ್ಕೊಂಡು ಬಂದು ಪ್ಲಮ್ ಕೇಕ್, ರೋಸ್ ಕುಕ್ಕಿ, ಚಕ್ಕುಲಿ, ಕಜ್ಜಾಯ, ಮಂಗಳೂರು ಕಡೆಯೋರಾದ್ರೆ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆನೇ ಇಡ್ತೀರಿ, ಸರಿ. ಆದ್ರೆ ಕೇಕಲ್ಲಿ ಮೊಟ್ಟೆ ಇರತ್ತೆ, ರೋಸ್ ಕುಕ್ಕೀಲೂ ಸಾಮಾನ್ಯವಾಗಿ ಮೊಟ್ಟೆ ಇರತ್ತೆ, ಅದು ಅವರಿಗೆ ಹೊಳೆಯಲ್ಲ. ಎಗ್‌ಲೆಸ್ ಬೇರೆ ಡಬ್ಬದಲ್ಲಿ, ಬೇರೆ ಚಾಕು ಇಟ್ಟು, ಯಾವುದು ಯಾವುದು ಅಂತ ಬಾಯಲ್ಲೇ ಹೇಳಿ. ವೈನ್ ಅವರಾಗೇ ಕೇಳಿದ್ರೆ ಮಾತ್ರ.

ಮಾಡಬಾರದ್ದನ್ನೂ ಹೇಳ್ತೀನಿ, ಈಗಿನ ಕಾಲಕ್ಕೆ ಇದು ಮುಖ್ಯ. ಕರಪತ್ರ ಕೈಗಿಡಬೇಡಿ, ವಾಪಸ್ ಬರ್ತಾ ಕಾರಲ್ಲಿ ಉಪದೇಶ ಬೇಡ, ಅಪ್ಪ ಅಮ್ಮ ಬರದೇ ಬೇರೆಯವರ ಮಕ್ಕಳನ್ನ ಕರ್ಕೊಂಡು ಹೋಗಬೇಡಿ, ಅವರ ಫೋಟೋನ ಪ್ಯಾರಿಷ್ ಗ್ರೂಪಿಗೆ ಹಾಕಬೇಡಿ. ಮತಾಂತರದ ಅನುಮಾನ ಸುತ್ತಮುತ್ತ ಇರೋವಾಗ ನಮ್ಮ ಒಂದು ಅತ್ಯುತ್ಸಾಹದ ಸ್ಟೇಟಸ್ಸಿಂದ ತೊಂದರೆ ಆಗೋದು ನಂಬಿ ಬಂದ ಆ ಮನೆಯೋರಿಗೆ. ದೊಡ್ಡ ಗುಂಪು ಕರ್ಕೊಂಡು ಹೋಗೋದಾದ್ರೆ ಫಾದರ್‌ಗೆ ಮೊದಲೇ ತಿಳಿಸಿ, ಜೊತೆಗೆ ಮೈಕಲ್ಲಿ ಸ್ವಾಗತ ಗೀಗತ ಬೇಡ ಅಂತಾನೂ ಹೇಳಿ.

ಈಸ್ಟರ್‌ಗೆ ಕರೆಯೋರು ಕ್ಯಾಲೆಂಡರ್ ನೋಡ್ಕೊಳ್ಳಿ, ಅದು ಪ್ರತಿ ವರ್ಷ ಬದಲಾಗತ್ತೆ, 2027ರಲ್ಲಿ ಮಾರ್ಚ್ 28. ಅದು ಪರೀಕ್ಷೆ ಸೀಸನ್, ಎಸ್ಸೆಸ್ಸೆಲ್ಸಿ ಮಕ್ಕಳಿರೋ ಮನೆಯೋರನ್ನ ಶನಿವಾರ ರಾತ್ರಿಗೆ ಕರೆದು ಇಕ್ಕಟ್ಟಿಗೆ ಸಿಕ್ಕಿಸಬೇಡಿ, ಭಾನುವಾರ ಬೆಳಗಿನ ಪೂಜೆಗೆ ಕರೀರಿ, ಇಲ್ಲಾ ಮಧ್ಯಾಹ್ನ ಊಟಕ್ಕೆ ಮನೆಗೇ ಕರೀರಿ.