ರಾಜ್ಯೋತ್ಸವಕ್ಕೆ ಆಫೀಸ್ ಟೀ ಶರ್ಟ್ ಮಾಡಿಸ್ತೀರಾ? ಸೆಪ್ಟೆಂಬರ್ ಶುರುವಲ್ಲೇ ಕೆಲ್ಸ ಹಚ್ಕೊಳ್ಳಿ

ನವೆಂಬರ್ 1ಕ್ಕೆ ಕಂಪನಿ ಲೋಗೋ ಇರೋ ಹಳದಿ ಕೆಂಪು ಟೀ ಶರ್ಟ್ ಬೇಕು ಅಂತ ಎಷ್ಟೋ ಆಫೀಸ್‌ಗಳಿಗೆ ನೆನಪಾಗೋದೇ ದಸರಾ ಮುಗಿದ್ಮೇಲೆ. ಅಷ್ಟೊತ್ತಿಗೆ ಪ್ರಿಂಟಿಂಗ್‌ನವ್ರ ಹತ್ರ ಹಳದಿ ಸ್ಟಾಕ್ ಖಾಲಿ ಆಗಿರತ್ತೆ, ಉಳಿದ್ರೂ ಎಲ್, ಎಕ್ಸೆಲ್ ಸೈಜ್ ಇರಲ್ಲ. ನಾನು ನಮ್ಮ ಆಫೀಸ್ ಕನ್ನಡ ಬಳಗದ ಕಡೆಯಿಂದ ನಾಲ್ಕು ವರ್ಷ ಈ ಕೆಲ್ಸ ನೋಡ್ಕೊಂಡಿದೀನಿ, ಕಲ್ತಿದ್ದನ್ನ ಹೇಳ್ತೀನಿ.

ಬೆಂಗಳೂರಲ್ಲಿ ಪ್ರಿಂಟ್ ಆಗೋ ಪ್ಲೇನ್ ಟೀ ಶರ್ಟ್ ಬಹಳಷ್ಟು ಬರೋದು ತಮಿಳುನಾಡಿನ ತಿರುಪ್ಪೂರಿಂದ. ದೀಪಾವಳಿಗೆ ಅಲ್ಲಿನ ಕೆಲಸಗಾರರು ಬೋನಸ್ ತಗೊಂಡು ಊರಿಗೆ ಹೋಗ್ತಾರೆ, ಯೂನಿಟ್‌ಗಳು ಸುಮಾರು ದಿನ ಮುಚ್ಚಿರತ್ತೆ. 2024ರಲ್ಲಿ ಅಕ್ಟೋಬರ್ 31 ನರಕ ಚತುರ್ದಶಿ, ಮಾರನೇ ದಿನವೇ ರಾಜ್ಯೋತ್ಸವ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1, ದೀಪಾವಳಿ 20ಕ್ಕೆ. ಅದಕ್ಕೇ ಮೊದ್ಲು ಕ್ಯಾಲೆಂಡರ್ ತೆಗೆದು ಈ ರಜೆಗಳನ್ನ ಗುರುತು ಹಾಕಿ, ಆಮೇಲೆ ಹಿಂದಕ್ಕೆ ಎಣಿಸ್ಕೊಂಡು ಬನ್ನಿ. ಮಾಲು ಅಕ್ಟೋಬರ್ 20ರೊಳಗೆ ಕೈಗೆ ಬರ್ಬೇಕು ಅಂದ್ರೆ ಆರ್ಡರ್ ಸೆಪ್ಟೆಂಬರ್ ಕೊನೆಗೆ ಹೋಗಿರ್ಬೇಕು, ಅಂದ್ರೆ ಬಜೆಟ್ ಅಪ್ರೂವಲ್ ಸೆಪ್ಟೆಂಬರ್ ಮೊದಲ ವಾರದಲ್ಲೇ. ಹೊಸ ವೆಂಡರ್ ಆದ್ರೆ ಜಿಎಸ್‌ಟಿ, ಪ್ಯಾನ್, ಕ್ಯಾನ್ಸಲ್ಡ್ ಚೆಕ್ ಅಂತ ಅಕೌಂಟ್ಸ್‌ನವ್ರು ಕೇಳೋದ್ರಲ್ಲೇ ಎರಡು ವಾರ ಹೋಗತ್ತೆ.

ಈಗ ಮುಖ್ಯ ವಿಷಯ, ಕನ್ನಡ ಅಕ್ಷರ. ಒಂದ್ಸಲ ನಮಗೆ 180 ಟೀ ಶರ್ಟ್ ಬಂತು, ಎದೆ ಮೇಲೆ ದೊಡ್ಡದಾಗಿ "ರಾಜ್‌ಯೋತ್‌ಸವ" ಅಂತ. ಒತ್ತಕ್ಷರ ಎಲ್ಲಾ ಒಡೆದೋಗಿತ್ತು. ನೋಡಿ ಹೊಟ್ಟೆ ಉರಿದೋಯ್ತು, ಕನ್ನಡದ ಹಬ್ಬಕ್ಕೆ ಕನ್ನಡವನ್ನೇ ತಪ್ಪಾಗಿ ಹಾಕ್ಕೊಳ್ಳೋದು ಹೇಗೆ? ಯಾಕಾಗತ್ತೆ ಅಂದ್ರೆ ಹಳೇ ಡಿಸೈನ್ ಸಾಫ್ಟ್‌ವೇರ್‌ಗಳಿಗೆ ಯೂನಿಕೋಡ್ ಕನ್ನಡದ (ನಾವು ಫೋನಲ್ಲಿ ಟೈಪ್ ಮಾಡೋ ಥರದ್ದು) ಒತ್ತು ಜೋಡಿಸೋಕೆ ಬರಲ್ಲ, ಹಳೇ ಫೋಟೋಶಾಪಲ್ಲೂ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡಿಲ್ಲ ಅಂದ್ರೆ ಹೀಗೇ ಆಗತ್ತೆ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲಿ ಮಾಡಿದ ಫೈಲನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದ ಹಾಗೆ ಕಾಣತ್ತೆ. ಹಾಗಾಗಿ ವೆಂಡರ್‌ಗೆ ಬರಹವನ್ನ ವಾಟ್ಸಾಪಲ್ಲಿ ಟೈಪ್ ಮಾಡಿ ಕಳಿಸ್ಬೇಡಿ. ಅಕ್ಷರಗಳನ್ನ ಕರ್ವ್ಸ್‌ಗೆ (ಅಂದ್ರೆ ಫಾಂಟ್ ಇಲ್ಲದಿದ್ರೂ ಹಾಗೇ ಕಾಣೋ ಚಿತ್ರದ ಗೆರೆಗೆ) ಕನ್ವರ್ಟ್ ಮಾಡಿದ ಪಿಡಿಎಫ್ ಕೊಡಿ, ಜೊತೆಗೆ ಹೇಗೆ ಕಾಣ್ಬೇಕೋ ಹಾಗೆ ಒಂದು ಫೋಟೋನೂ ಕೊಡಿ. ಪ್ರೂಫ್ (ಪ್ರಿಂಟಿಗೆ ಮುಂಚೆ ತೋರಿಸೋ ಮಾದರಿ) ಬಂದಾಗ ಕನ್ನಡ ಚೆನ್ನಾಗಿ ಓದೋ ಇಬ್ರು ಒಂದೊಂದೇ ಅಕ್ಷರ ಬೆರಳಿಟ್ಟು ನೋಡ್ಲಿ. ಸ್ಕ್ರೀನ್ ಮೇಲಿನ ಪ್ರೂಫ್ ಸಾಲದು, ಒಂದು ಸ್ಯಾಂಪಲ್ ಪ್ರಿಂಟ್ ಹಾಕಿಸಿ ಮನೇಲಿ ಎರಡು ಸಲ ಒಗೆದು ನೋಡಿ, ಕೆಂಪು ಬಣ್ಣ ಹಳದಿಗೆ ಹತ್ತತ್ತಾ ಅಂತ ಆಗ್ಲೇ ಗೊತ್ತಾಗೋದು.

ಬಟ್ಟೆ 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಗೆ 180 ಗ್ರಾಂ ತೂಕ) ಕಾಟನ್ ಸಾಕು. ಸ್ಕ್ರೀನ್ ಪ್ರಿಂಟಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು, ಅದಕ್ಕೆ ಎರಡೇ ಬಣ್ಣದಲ್ಲಿ ಡಿಸೈನ್ ಮುಗಿಸಿದ್ರೆ ದುಡ್ಡು ಉಳಿಯತ್ತೆ.

ಸೈಜ್ ಕೇಳುವಾಗ ಬರೀ "ನಿಮ್ದು ಎಂ ಆ ಎಲ್ ಆ" ಅಂತ ಫಾರ್ಮ್ ಕಳಿಸಿದ್ರೆ ಆಗಲ್ಲ, ಒಂದೊಂದು ಕಂಪನಿ ಎಲ್ ಒಂದೊಂದು ಥರ. ವೆಂಡರ್ ಕೊಡೋ ಇಂಚಿನ ಚಾರ್ಟ್ ಹಾಕಿ, ಮನೇಲಿ ಸರಿಯಾಗಿ ಕೂರೋ ಟೀ ಶರ್ಟನ್ನ ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ ಅದಕ್ಕೆ ಹೊಂದೋ ಸೈಜ್ ಹಾಕಿ ಅಂತ ಹೇಳಿ. ಹೆಣ್ಮಕ್ಕಳಿಗೆ ಬೇರೆ ಫಿಟ್ಟಿಂಗ್ ಬೇಕಾ ಕೇಳಿ. ಅಕ್ಟೋಬರಲ್ಲಿ ಸೇರೋ ಹೊಸಬರಿಗೆ ಅಂತ ನೂರಕ್ಕೆ ಎಂಟು ಹತ್ತು ಜಾಸ್ತಿ ಹಾಕ್ಸಿ, ಅದ್ರಲ್ಲೂ ಎಂ, ಎಲ್, ಎಕ್ಸೆಲ್ಲೇ ಇರ್ಲಿ.

ಇನ್ನೊಂದು. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್‌ನವ್ರು, ಕ್ಯಾಬ್ ಡ್ರೈವರ್‌ಗಳು ಎಚ್‌ಆರ್ ಲಿಸ್ಟಲ್ಲಿ ಇರಲ್ಲ, ಅವರಿಗೆ ಸೈಜ್ ಫಾರ್ಮ್‌ನ ಇಮೇಲೂ ಬರಲ್ಲ. ನಮ್ಮ ಆಫೀಸಲ್ಲಂತೂ ಕನ್ನಡದಲ್ಲಿ ಮಾತು ಶುರು ಮಾಡೋರೇ ಅವ್ರು. ಆರ್ಡರ್ ಹಾಕೋ ಮುಂಚೆ ಒಂದು ಪೆನ್ನು ಹಾಳೆ ಹಿಡ್ಕೊಂಡು ಗೇಟ್ ಹತ್ರ ಹೋಗಿ, ನೈಟ್ ಶಿಫ್ಟ್‌ನವ್ರನ್ನೂ ಸೇರಿಸಿ ಒಬ್ಬೊಬ್ರ ಸೈಜೂ ಬರ್ಕೊಂಡು ಬನ್ನಿ.