ಸೊರಗುತ್ತಿರುವ ಹವಳದ ತೊಟ್ಟಿ: ಬಾಟಲಿ ತೆರೆಯುವ ಮೊದಲು ಬಕೆಟ್ ನೋಡಿ

ಉಪ್ಪುನೀರಿನ ಪುಟ್ಟ ಹವಳದ ತೊಟ್ಟಿ ಇಟ್ಟುಕೊಂಡ ಮೈಸೂರಿನ ಗೆಳೆಯರು ತೊಟ್ಟಿ ಕಳೆಗಟ್ಟಿರುವಾಗ ನನ್ನನ್ನು ಕರೆಯುವುದು ಕಡಿಮೆ. ಮಶ್ರೂಮ್ ಹವಳ ಬಂಡೆಯ ಹಿಡಿತ ಬಿಟ್ಟು ತೇಲತೊಡಗಿದಾಗ, ಗುಂಡಿಯಾಕಾರದ ಪುಟ್ಟ ಮೆದು ಹವಳಗಳಾದ ಝೊವಾಂಥಿಡ್‌ಗಳು ವಾರದಿಂದ ಮೊಗ್ಗಿನಂತೆ ಮುಚ್ಚಿಕೊಂಡಿರುವಾಗ, ಮರಳಿನ ಮೇಲೆ ಕಂದು ಲೋಳೆ ಹರಡಿದಾಗ ಕರೆ ಬರುತ್ತದೆ. ಹೋಗಿ ನೋಡಿದರೆ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಪಿಎಚ್ ಏರಿಸುವುದು, ಪಾಚಿ ಕೊಲ್ಲುವುದು, ಬ್ಯಾಕ್ಟೀರಿಯ ಬೆಳೆಸುವುದು ಎಂದು ಏಳೆಂಟು ಬಾಟಲಿಗಳು ಸಾಲಾಗಿ ನಿಂತಿರುತ್ತವೆ, ಅವುಗಳಲ್ಲಿ ಎರಡು ಮೂರನ್ನು ಹಿಂದಿನ ರಾತ್ರಿಯೇ ಸುರಿದಿರುತ್ತಾರೆ. ನೀರಿನ ಲವಣಾಂಶ ಎಷ್ಟಿದೆ, ಆ ನೀರು ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ನೋಡಿದ ಸೊರಗಿದ ತೊಟ್ಟಿಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಇದ್ದದ್ದು ಈ ಎರಡು ಪ್ರಶ್ನೆಗಳಲ್ಲಿಯೇ.

ಇಲ್ಲಿ ಕೊಟ್ಟಿರುವ ಲೆಕ್ಕಗಳೆಲ್ಲ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಸೇರಿದವು. ಅದರ ಅಳತೆ ಸುಮಾರು 56 ಲೀಟರ್ ಆದರೂ ಬಂಡೆ ಮತ್ತು ಮರಳಿನ ಜಾಗ ಕಳೆದರೆ ಒಳಗಿರುವ ನೀರು ಹೆಚ್ಚೆಂದರೆ 45 ಲೀಟರ್. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕಲ್ಲಿನಂಥ ಅಸ್ಥಿಯುಳ್ಳ ಗಟ್ಟಿ ಹವಳಗಳು, ಬೀಸಣಿಗೆ ಹವಳಗಳು ಹಾಗೂ ಕಡಲಕುದುರೆಗಳು ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳಾಗಿರುವುದರಿಂದ, ಅಂಗಡಿಯವರು ಒಳಕೋಣೆಗೆ ಕರೆದೊಯ್ದು ತೋರಿಸಿದರೂ ಕೊಳ್ಳಬೇಡಿ. ಈ ಲೇಖನ ಝೊವಾಂಥಿಡ್, ಮಶ್ರೂಮ್, ಲೆದರ್ ಮುಂತಾದ ಮೆದು ಜಾತಿಗಳಿಗೆ ಮಾತ್ರ ಸಂಬಂಧಿಸಿದ್ದು.

ಹಂತ 1: ಒಂದು ದಿನ ಸುಮ್ಮನಿರಿ

ಎಲ್ಲ ಬಾಟಲಿಗಳನ್ನೂ ಮುಚ್ಚಿಡಿ, ಮೀನಿನ ಆಹಾರವನ್ನು ಅರ್ಧಕ್ಕೆ ಇಳಿಸಿ, ಸತ್ತ ಜೀವಿಗಳಿದ್ದರೆ ತೆಗೆದು ಹಾಕಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮಾತ್ರ ಕಾಯದೆ, ಅದೇ ಉಷ್ಣತೆ ಮತ್ತು ಅದೇ ಲವಣಾಂಶದ ಹೊಸ ಉಪ್ಪುನೀರಿನಿಂದ ಕಾಲುಭಾಗ ನೀರನ್ನು ಬದಲಿಸಿ, ಗಾಳಿಯ ಪಂಪ್ ಹಾಕಿ. ಲೆದರ್ ಹವಳ ಮುಚ್ಚಿಕೊಂಡು ಮೇಲೆ ಮೇಣದಂಥ ಪೊರೆ ಕಟ್ಟಿದ್ದರೆ ಅದು ಸಾಯುತ್ತಿಲ್ಲ, ಪೊರೆ ಕಳಚುತ್ತಿದೆ. ಹಲವು ದಿನ ಹಾಗೆಯೇ ಇದ್ದು ತಾನಾಗಿ ಅರಳುವ ಇಂಥ ಹವಳವನ್ನು ಸತ್ತಿತೆಂದು ಕಸದ ಬುಟ್ಟಿಗೆ ಹಾಕಿದವರನ್ನು ನಾನು ಬಲ್ಲೆ.

ಹಂತ 2: ಲವಣಾಂಶವನ್ನು ನಿಜವಾಗಿ ಅಳೆಯಿರಿ

ಎಲ್ಲರೂ ಸುಲಭವೆಂದು ಹಾರಿಹೋಗುವ ಹಂತ ಇದು, ಎಲ್ಲರೂ ಎಡವುವುದೂ ಇಲ್ಲಿಯೇ. ಕಡಲ ನೀರಿನಲ್ಲಿ ಸಾಮಾನ್ಯವಾಗಿ ಸಾವಿರಕ್ಕೆ 35 ಭಾಗ ಉಪ್ಪಿರುತ್ತದೆ. ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ ಅದು 25 ಡಿಗ್ರಿಯಲ್ಲಿ ಸುಮಾರು 1.026. ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ತೂಗುವ ಅಗ್ಗದ ಹೈಡ್ರೋಮೀಟರನ್ನು ನಂಬಬೇಡಿ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಅದು ಮೇಲೆದ್ದು ಇಲ್ಲದ ಉಪ್ಪನ್ನು ಇದೆಯೆಂದು ತೋರಿಸುತ್ತದೆ, ಅದನ್ನು ನಂಬಿದವರು ಸರಿಯಾಗಿದ್ದ ನೀರನ್ನೇ ತೆಳುವಾಗಿಸುತ್ತಾರೆ. ಎರಡನೆಯ ಜೋಡಿ ಮೀನು ಕೊಳ್ಳುವ ದುಡ್ಡಿನಲ್ಲಿ, ನೀರಿನ ಹನಿ ಬೆಳಕನ್ನು ಎಷ್ಟು ಬಾಗಿಸುತ್ತದೆಂದು ನೋಡಿ ಉಪ್ಪನ್ನು ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಿ.

ಆದರೆ ರಿಫ್ರಾಕ್ಟೋಮೀಟರ್ ಕೂಡ ಪೆಟ್ಟಿಗೆಯಿಂದ ಹೊರತೆಗೆದ ಕೂಡಲೇ ಸತ್ಯ ಹೇಳುವ ಉಪಕರಣವಲ್ಲ. ಹೆಚ್ಚಿನವರು ಅದರ ಗಾಜಿನ ಮೇಲೆ ಶುದ್ಧ ನೀರಿನ ಹನಿ ಹಾಕಿ, ಗೆರೆ ಸೊನ್ನೆಗೆ ಬರುವಂತೆ ತಿರುಪು ತಿರುಗಿಸಿ ಕೆಲಸ ಮುಗಿಯಿತೆನ್ನುತ್ತಾರೆ. ಸೊನ್ನೆಯಲ್ಲಿ ಸರಿಯಾದದ್ದು 35ರಲ್ಲಿಯೂ ಸರಿಯಾಗಿರಬೇಕೆಂಬ ನಿಯಮವಿಲ್ಲ. ನಮಗೆ ಬೇಕಾದ ಬಿಂದುವಿನಲ್ಲಿಯೇ ಅದನ್ನು ಹೊಂದಿಸಬೇಕು. ಅದಕ್ಕೆಂದೇ ಮಾರುವ ದ್ರಾವಣ ಸಿಗದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು: 36.5 ಗ್ರಾಂ ಒಣಗಿದ ಪುಡಿ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಪೂರ್ತಿ ಕರಗಿಸಿದರೆ ಆ ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣ 35ರ ಕಡಲ ನೀರಿನದಕ್ಕೆ ಸಮನಾಗಿರುತ್ತದೆ. ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು ಉಷ್ಣತೆ ಹೊಂದಿಕೊಂಡ ಮೇಲೆ ಗೆರೆಯನ್ನು 35ಕ್ಕೆ ತನ್ನಿ. ಈ ದ್ರಾವಣ ಅಳತೆಗೆ ಮಾತ್ರ. ಅಡುಗೆ ಉಪ್ಪಿನಲ್ಲಿ ಸುಣ್ಣ, ಮೆಗ್ನೀಷಿಯಂ, ಕ್ಷಾರಗಳು ಇರದ ಕಾರಣ ತೊಟ್ಟಿಯ ನೀರನ್ನು ಅದರಿಂದ ತಯಾರಿಸಬಾರದು.

ಈಗ ತೊಟ್ಟಿಯ ನೀರನ್ನು ಅಳೆದರೆ, ಏಪ್ರಿಲ್ ತಿಂಗಳಾಗಿದ್ದಲ್ಲಿ, ಬಹುಶಃ 38 ಅಥವಾ 39 ಕಾಣಿಸುತ್ತದೆ. ಕಾರಣ ಸರಳ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಬೇಸಿಗೆಯಲ್ಲಿ ಟೇಬಲ್ ಫ್ಯಾನ್ ತಿರುಗುತ್ತಿರುವ ನನ್ನ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರಿನಷ್ಟು ನೀರು ಹೋಗುತ್ತದೆ, ಅಂದರೆ ಮೂರು ದಿನ ಮರೆತರೆ 45 ಲೀಟರಿನ ಉಪ್ಪು 42 ಲೀಟರಿನಲ್ಲಿ ಕೂಡಿ 35 ಇದ್ದದ್ದು 37.5 ಆಗುತ್ತದೆ. ಅದನ್ನು ತುಂಬುವಾಗ ಉಪ್ಪುನೀರನ್ನೇ ಸುರಿಯುವುದು ಹೊಸಬರ ದೊಡ್ಡ ತಪ್ಪು. ಆವಿಯಾದ ನೀರಿನ ಜಾಗಕ್ಕೆ ಶುದ್ಧ ಸಿಹಿನೀರನ್ನಷ್ಟೇ ಹಾಕಬೇಕು. ನೀರು ಮಟ್ಟದಲ್ಲಿರುವಾಗ ಗಾಜಿನ ಹೊರಬದಿಗೆ ಟೇಪ್ ಅಂಟಿಸಿ, ಬೆಳಿಗ್ಗೆ ಮತ್ತು ಸಂಜೆ ಲೋಟದಿಂದ ಆ ಗೆರೆಗೆ ತನ್ನಿ. ತಾನಾಗಿ ನೀರು ತುಂಬುವ ಸಾಧನಗಳೂ ಸಿಗುತ್ತವೆ, ಆದರೆ ಅಗ್ಗದ ಫ್ಲೋಟ್ ಸ್ವಿಚ್‌ನ ಸಂದಿಯಲ್ಲಿ ಉಪ್ಪು ಕಟ್ಟಿ ಅಥವಾ ಬಸವನಹುಳು ಹತ್ತಿ ಕುಳಿತು ಇಡೀ ಬಕೆಟ್ ನೀರು ತೊಟ್ಟಿಗಿಳಿದ ಮೇಲೆ ನಾನು ಲೋಟಕ್ಕೇ ಮರಳಿದ್ದೇನೆ.

ಏರಿದ ಲವಣಾಂಶವನ್ನು ಒಂದೇ ಸಂಜೆಗೆ ಇಳಿಸಬೇಡಿ. ನೀರು ಟೇಪಿನ ಗೆರೆಯಲ್ಲಿದ್ದೂ 39 ತೋರಿಸುತ್ತಿದ್ದರೆ, ಒಟ್ಟು ಸುಮಾರು 4.6 ಲೀಟರ್ ತೊಟ್ಟಿ ನೀರನ್ನು ತೆಗೆದು ಅಷ್ಟೇ ಸಿಹಿನೀರು ಹಾಕಿದರೆ 35ಕ್ಕೆ ಬರುತ್ತದೆ. ಇದನ್ನು ನಾಲ್ಕು ದಿನಗಳಿಗೆ ಹಂಚಿ, ದಿನಕ್ಕೆ ಒಂದೂಕಾಲು ಲೀಟರಿಗಿಂತ ಕೊಂಚ ಕಡಿಮೆ ಬದಲಿಸಿ, ಮತ್ತೆ ಅಳೆಯಿರಿ. ಲವಣಾಂಶ 31 ಅಥವಾ 32ಕ್ಕೆ ಇಳಿದಿದ್ದರೆ ಮಾತ್ರ, ಸರಿಹೋಗುವವರೆಗೆ ಆವಿಯಾದ ನೀರಿನ ಜಾಗಕ್ಕೆ ಉಪ್ಪುನೀರನ್ನು ಹಾಕಬಹುದು. ಉಪ್ಪಿನ ಪುಡಿಯನ್ನು ನೇರವಾಗಿ ತೊಟ್ಟಿಗೆ ಹಾಕುವುದಂತೂ ಯಾವ ಸಂದರ್ಭದಲ್ಲಿಯೂ ಕೂಡದು. ಕರಗದ ಹರಳು ಹವಳದ ಮೇಲೆ ಕುಳಿತಲ್ಲಿ ಅದನ್ನು ಸುಡುತ್ತದೆ.

ಹಂತ 3: ಬಕೆಟ್‌ನಲ್ಲಿರುವ ನೀರು ಯಾವುದು?

ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ, ಕಬಿನಿ ನೀರು ನಮಗೆ ಒಳ್ಳೆಯದು, ಹವಳಕ್ಕಲ್ಲ. ಅದರಲ್ಲಿ ಕ್ಲೋರಿನ್ ಇರುತ್ತದೆ. ಹೊರವಲಯದ ಅಪಾರ್ಟ್‌ಮೆಂಟ್‌ಗಳ ಸಂಪಿನಲ್ಲಿ ಬೋರ್‌ವೆಲ್ ನೀರೂ ಬೆರೆಯುತ್ತದೆ. ಮಂಡ್ಯದ ಕಡೆಯವರು ಬಕೆಟ್‌ಗೆ ಕಟ್ಟುವ ಬಿಳಿ ಕರೆಯನ್ನು ನೋಡಿಯೇ ತಮ್ಮ ಬೋರ್‌ವೆಲ್ ನೀರಿನ ಗಡಸುತನವನ್ನು ಊಹಿಸಬಲ್ಲರು. ಹಾಗಾಗಿ ಎಲ್ಲರೂ ಮನೆಯ ಆರ್‌ಒ ನೀರನ್ನು ಹಿಡಿದು ನೆಮ್ಮದಿಯಾಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದೆ. ಅಡುಗೆಮನೆಗೆ ಹೊಸ ಶುದ್ಧೀಕರಣ ಯಂತ್ರ ಬಂದ ಒಂದೂವರೆ ತಿಂಗಳಿಗೆ ತೊಟ್ಟಿಯ ಬಸವನಹುಳುಗಳೆಲ್ಲ ಮಗುಚಿ ಬಿದ್ದವು, ಸೀಗಡಿ ಸತ್ತಿತು, ಝೊವಾಂಥಿಡ್ ಮುಚ್ಚಿಕೊಂಡಿತು. ಮೀನುಗಳು ಮಾತ್ರ ಏನೂ ಆಗದವರಂತೆ ಓಡಾಡಿಕೊಂಡಿದ್ದವು. ಕಾರಣವನ್ನು ಯಂತ್ರದ ಮುಂಭಾಗದಲ್ಲಿಯೇ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ್ದರು: ಅದು ನೀರಿಗೆ ತಾಮ್ರ ಸೇರಿಸುವ ಮಾದರಿ. ತಾಮ್ರದ ಚೊಂಬಿನ ನೀರು ಮನುಷ್ಯರಿಗೆ ಇಷ್ಟವಾಗಬಹುದು, ಆದರೆ ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ಅತ್ಯಲ್ಪ ತಾಮ್ರವೂ ವಿಷ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಮಾರುವ ಅನೇಕ ಔಷಧಗಳಲ್ಲಿಯೂ ಇದೇ ತಾಮ್ರವಿರುವುದರಿಂದ ಅವುಗಳನ್ನು ಹವಳವಿರುವ ತೊಟ್ಟಿಗೆ ಹಾಕಲೇಬಾರದು.

ಇಂಥ ಯಂತ್ರಗಳಲ್ಲಿ ಮೆಂಬ್ರೇನ್ (ಶೋಧಿಸುವ ಪೊರೆ) ದಾಟಿದ ನೀರಿಗೆ ರುಚಿಗಾಗಿ ಖನಿಜಗಳನ್ನು ಮತ್ತೆ ಬೆರೆಸುತ್ತಾರೆ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ, ಖನಿಜಗಳ ಒಟ್ಟು ಪ್ರಮಾಣ) ಹೊಂದಿಸುವ ತಿರುಪಿನ ಮೂಲಕ ಶುದ್ಧವಾಗದ ನೀರನ್ನೂ ಒಂದಿಷ್ಟು ಕೂಡಿಸುತ್ತಾರೆ. ಯಂತ್ರ ನೋಡಿಕೊಳ್ಳುವವರು ಬಂದಾಗ ಮೆಂಬ್ರೇನಿನ ಕೊಳವೆಯಿಂದಲೇ, ಖನಿಜದ ಕಾರ್ಟ್ರಿಜ್‌ಗೆ ಮೊದಲು, ಒಂದು ಕವಲು ತೆಗೆಸಿಕೊಂಡು ಅದಕ್ಕೆ, ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ತುಂಬಿದ ಕಾರ್ಟ್ರಿಜ್ ಜೋಡಿಸಿ. ಕೊನೆಯಲ್ಲಿ ಹೊರಬರುವ ನೀರು ಟಿಡಿಎಸ್ ಮೀಟರಿನಲ್ಲಿ 0 ತೋರಿಸಬೇಕು, ಏರತೊಡಗಿದರೆ ರೆಸಿನ್ ಮುಗಿದಿದೆ ಎಂದರ್ಥ. 20 ಲೀಟರ್ ಕ್ಯಾನ್ ನೀರು ಇದಕ್ಕೆ ಬದಲಿಯಲ್ಲ. ಮಂಗಳೂರಿಗೆ ಹೋದಾಗ ಕ್ಯಾನಿನಲ್ಲಿ ಕಡಲ ನೀರು ತರುವ ಉತ್ಸಾಹಿಗಳೂ ಇದ್ದಾರೆ. ದಡದ ನೀರಿನಲ್ಲಿ ಹೊಳೆಯ ನೀರು, ಚರಂಡಿ, ದೋಣಿಯ ಎಣ್ಣೆ ಎಲ್ಲವೂ ಇರುವುದರಿಂದ ಅದು ನನಗೆ ಒಪ್ಪಿಗೆಯಿಲ್ಲ.

ಸಮುದ್ರದ ಉಪ್ಪಿನ ಮಿಶ್ರಣವನ್ನು ಈ ನೀರಿಗೆ ಹಾಕಿ, ಸಣ್ಣ ಪಂಪ್ ಓಡಿಸಿ, ಒಂದು ರಾತ್ರಿ ಬಿಟ್ಟು, ಮರುದಿನ ಅಳೆದು, ಉಷ್ಣತೆ ಸರಿಹೊಂದಿಸಿ ಬಳಸಿ. ವಾರಕ್ಕೆ 5 ಲೀಟರ್ ಬದಲಿಸಿದರೆ ಮೆದು ಹವಳದ ತೊಟ್ಟಿಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಂದು ಪ್ರತ್ಯೇಕವಾಗಿ ಏನನ್ನೂ ಕೊಡಬೇಕಾಗಿಲ್ಲ.

ಹಂತ 4: ಉಷ್ಣತೆ

24ರಿಂದ 27 ಡಿಗ್ರಿಯೊಳಗಿರಲಿ. ಬೇಸಿಗೆಗೆ ನೀರಿನ ಮೇಲ್ಮೈಗೆ ಬೀಸುವ ಫ್ಯಾನ್, ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಇದ್ದರೆ ಮೈಸೂರಿನ ಹವೆಯಲ್ಲಿ ಸಾಲುತ್ತದೆ. ಹೀಟರಿನ ಮೇಲಿನ ಅಂಕಿಯನ್ನು ನಂಬದೆ ಬೇರೆ ಥರ್ಮಾಮೀಟರ್ ಇಡಿ. ಐಸ್ ತುಂಡು ಹಾಕಬೇಡಿ.

ಹಂತ 5: ಪರೀಕ್ಷೆಯ ಕಿಟ್ ಮತ್ತು ಪಾಚಿ

ಅಮೋನಿಯ ಸೊನ್ನೆಯಿರಬೇಕು. ತೊಟ್ಟಿ ಇಟ್ಟು ನಾಲ್ಕರಿಂದ ಆರು ವಾರವಾಗಿರದಿದ್ದರೆ, ಅಮೋನಿಯವನ್ನು ನೈಟ್ರೈಟ್‌ಗೂ ಅದನ್ನು ನೈಟ್ರೇಟ್‌ಗೂ ಬದಲಿಸುವ ಬ್ಯಾಕ್ಟೀರಿಯಗಳು ಇನ್ನೂ ನೆಲೆಯೂರಿರುವುದಿಲ್ಲ. ಆಗ ಹವಳ ಹಾಕಿದ್ದೇ ತಪ್ಪು. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇದ್ದರೆ ಚಿಂತೆಯಿಲ್ಲ. ಬಣ್ಣವನ್ನು ತೊಟ್ಟಿಯ ನೀಲಿ ದೀಪದಡಿ ಹೋಲಿಸದೆ ಕಿಟಕಿಯ ಬಳಿ ಹಗಲಿನ ಬೆಳಕಿನಲ್ಲಿ ನೋಡಿ.

ಪಾಚಿಯ ಬಗೆ ತಿಳಿಯದೆ ಪಾಚಿಯ ಔಷಧ ಹಾಕಬೇಡಿ. ಹೊಸ ತೊಟ್ಟಿಯಲ್ಲಿ ಬೆರಳಿಗೆ ಧೂಳಿನಂತೆ ಬರುವ ಕಂದು ಪುಡಿ ಡಯಾಟಮ್. ಅದು ತಾನಾಗಿ ಹೋಗುತ್ತದೆ. ಕಡುಗೆಂಪು ಬಣ್ಣದಲ್ಲಿ ಹಾಲಿನ ಕೆನೆಯಂತೆ ಪದರವಾಗಿ ಏಳುವುದು ಸಯನೋಬ್ಯಾಕ್ಟೀರಿಯ. ಕೊಳವೆಯಿಂದ ಹೀರಿ ತೆಗೆದು, ಅಲ್ಲಿ ನೀರಿನ ಹರಿವನ್ನು ಹೆಚ್ಚಿಸಿ. ಸಿಂಬಳದಂಥ ಕಂದು ಎಳೆಗಳು, ತುದಿಯಲ್ಲಿ ಗುಳ್ಳೆ, ಸಂಜೆಗೆ ದಟ್ಟವಾಗಿದ್ದು ಬೆಳಗಿನ ಹೊತ್ತಿಗೆ ತೆಳುವಾಗಿರುವುದು, ಇವು ಡೈನೋಫ್ಲ್ಯಾಜೆಲೇಟ್‌ಗಳ ಲಕ್ಷಣ. ಇದು ಅನೇಕ ವೇಳೆ ನೀರು ಅತಿಯಾಗಿ ಶುದ್ಧವಾಗಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದಾಗ ಬರುವುದರಿಂದ, ಫಾಸ್ಫೇಟ್ ಹೀರುವ ಪುಡಿಯನ್ನು ತೆಗೆದು ಆಹಾರವನ್ನು ಕೊಂಚ ಹೆಚ್ಚಿಸಬೇಕು. ಜನ ಮಾಡುವುದು ಇದಕ್ಕೆ ತದ್ವಿರುದ್ಧ. ಉದ್ದನೆಯ ಹಸಿರು ಕೂದಲು ಬಂದಿದ್ದರೆ ಕೈಯಿಂದ ಕೀಳಿ, ಆಹಾರ ಯಾರು ಎಷ್ಟು ಹಾಕುತ್ತಿದ್ದಾರೆಂದು ಮನೆಯಲ್ಲಿ ವಿಚಾರಿಸಿ. ದಸರೆಗೆ ಬಂದ ನೆಂಟರ ಮಕ್ಕಳು ಬೊಂಬೆ ನೋಡಿ ಬೇಸರವಾದ ಮೇಲೆ ತಿರುಗುವುದು ಮೀನಿನ ಡಬ್ಬಿಯ ಕಡೆಗೆ.

ಹಂತ 6: ತೊಟ್ಟಿಯ ಸುತ್ತಲಿನ ಗಾಳಿ ಮತ್ತು ಬೆಳಕು

ಪಿಎಚ್ 7.8ರಿಂದ 8.4ರೊಳಗಿದ್ದರೆ ಬಿಟ್ಟುಬಿಡಿ. ಅದಕ್ಕಿಂತ ಕಡಿಮೆಯಿದ್ದರೆ ಒಂದು ಲೋಟ ತೊಟ್ಟಿ ನೀರನ್ನು ವರಾಂಡಕ್ಕೆ ಒಯ್ದು ಒಂದು ಗಂಟೆ ಗಾಳಿ ಊದಿಸಿ ಮತ್ತೆ ಅಳೆಯಿರಿ. ಏರಿದರೆ ಮುಚ್ಚಿದ ಕೋಣೆಯ ಇಂಗಾಲದ ಡೈಆಕ್ಸೈಡ್ ಕಾರಣ, ಔಷಧ ಕಿಟಕಿ ತೆರೆಯುವುದು. ಸೊಳ್ಳೆಬತ್ತಿ, ಸೊಳ್ಳೆಯ ದ್ರವ, ಜಿರಲೆಯ ಸ್ಪ್ರೇಗಳನ್ನು ಆ ಕೋಣೆಯಲ್ಲಿ ಬಳಸಬೇಡಿ. ಅವುಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್‌ಗಳು ಮೀನಿಗೂ ಸೀಗಡಿಗೂ ಬಹಳ ವಿಷಕಾರಿ, ಗಾಳಿಯ ಪಂಪ್ ಅವನ್ನು ನೇರವಾಗಿ ನೀರಿಗೆ ತಳ್ಳುತ್ತದೆ. ಹವಳ ಬಿಳಿಚಿದ್ದರೆ ದೀಪದ ತೀವ್ರತೆ ಇಳಿಸಿ, ದಿನಕ್ಕೆ ಎಂಟು ಗಂಟೆ ಸಾಕು.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ತಾರೀಖು ಬರೆದಿಟ್ಟು, ಮುಂದಿನದಕ್ಕೆ ಎರಡು ವಾರ ಕಾಯಿರಿ. ಅಷ್ಟರೊಳಗೆ ಕರಗಿಹೋದ ಝೊವಾಂಥಿಡ್‌ಗಳಿದ್ದರೆ ಅವುಗಳ ಬಂಡೆಯನ್ನು ಕೈಗವಸು ಹಾಕಿಕೊಂಡು ಮಾತ್ರ ಮುಟ್ಟಿ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿರುತ್ತದೆ. ಸ್ವಚ್ಛಗೊಳಿಸುವ ನೆಪದಲ್ಲಿ ಬಂಡೆಯನ್ನು ಕುದಿಸಿದರೆ ಆ ವಿಷ ಹಬೆಯೊಂದಿಗೆ ಮನೆಯವರ ಶ್ವಾಸಕೋಶ ಸೇರುತ್ತದೆ. ಗಟ್ಟಿಯಾದ ಬ್ರಷ್‌ನಿಂದ ಉಜ್ಜಲೂ ಹೋಗಬೇಡಿ. ಬಂಡೆಯನ್ನು ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದು, ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿ.