ಬೈಕ್ ಅರ್ಧವೋ, ಮುಕ್ಕಾಲೋ: ಪುಣೆಯ ಒಂದು ಟ್ರಾಫಿಕ್ ಲೆಕ್ಕ

ನಮ್ಮ ಪಕ್ಕದ ಹೊಸ ಫ್ಲ್ಯಾಟು ಕಟ್ಟಡಕ್ಕೆ ಬಿಲ್ಡರ್ ಕೊಟ್ಟ ಟ್ರಾಫಿಕ್ ವರದಿಯನ್ನು ಪ್ರಶ್ನಿಸಲು ಸೊಸೈಟಿಯವರೇ ವಾಹನ ಎಣಿಸಲು ಹೊರಟಾಗ, "ವರದಿ ಬರೆದವರು ಎಂಜಿನಿಯರುಗಳು, ಸೊಸೈಟಿಯವರು ಎಣಿಸಿದರೆ ಯಾರು ಕೇಳ್ತಾರೆ" ಅಂದವರೇ ಹೆಚ್ಚು. ಕೊನೆಗೆ ಬಿಲ್ಡರ್ ಕಡೆಯವರು ಶಾಲೆ ನಡೆಯುವ ದಿನಗಳಲ್ಲಿ ಮತ್ತೆ ಎಣಿಸಿ ತರುವ ಹಾಗೆ ಮಾಡಿದ್ದು ನಮ್ಮ ಒಂದೇ ಪುಟದ ಕೋಷ್ಟಕ. ಬಾಣೇರ್, ವಾಕಡ್ ಕಡೆಯ ನಮ್ಮವರು ಇದನ್ನು ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಪರಿಸರ ಅನುಮತಿಯ ಅರ್ಜಿಯಾದ ಫಾರ್ಮ್ 1, ಅದನ್ನು ಹಾಕುವ ಸರ್ಕಾರಿ ಜಾಲತಾಣ ಪರಿವೇಶ್ ಪೋರ್ಟಲ್ ನಿಮಗೆ ಗೊತ್ತೇ ಇರುತ್ತದೆ.

2006ರ ಪರಿಸರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರಿನಿಂದ ಮೇಲಿನ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು, ಆದರೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. ಹಾಗಾಗಿ ತಜ್ಞರ ಸಮಿತಿ ಆ ಫೈಲನ್ನು ಕೈಗೆತ್ತಿಕೊಳ್ಳುವ ಮೊದಲೇ ನಿಮ್ಮ ಲಿಖಿತ ಆಕ್ಷೇಪಣೆ ಅಲ್ಲಿರಬೇಕು.

ಟ್ರಾಫಿಕ್ ವರದಿ ಸಿಕ್ಕ ಕೂಡಲೇ ಎಣಿಕೆಯ ತಾರೀಕು ನೋಡಿ. ಮೇ ತಿಂಗಳಾಗಿದ್ದರೆ ಶಾಲೆಗೆ ರಜೆ, ರಸ್ತೆ ಖಾಲಿ. ಆಮೇಲೆ ಪಿಸಿಯು ಕೋಷ್ಟಕಕ್ಕೆ ಬನ್ನಿ, ಅಂದರೆ ಒಂದೊಂದು ಬಗೆಯ ವಾಹನ ಎಷ್ಟು ಕಾರಿಗೆ ಸಮ ಎಂಬ ಲೆಕ್ಕ. ಆಟವೆಲ್ಲ ಇರುವುದು ಅಲ್ಲಿಯೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಗರ ರಸ್ತೆಗಳ ಮಾರ್ಗಸೂಚಿ ಐಆರ್‌ಸಿ 106-1990ರಲ್ಲಿ ದ್ವಿಚಕ್ರಕ್ಕೆ ಎರಡು ಅಂಕಿ ಇವೆ: ಒಟ್ಟು ವಾಹನಗಳಲ್ಲಿ ಅವುಗಳ ಪಾಲು ಶೇ. 5 ಇದ್ದರೆ 0.5, ಶೇ. 10 ಅಥವಾ ಹೆಚ್ಚಿದ್ದರೆ 0.75. ಪುಣೆಯಲ್ಲಿ ಬೈಕ್, ಸ್ಕೂಟರುಗಳೇ ಅರ್ಧಕ್ಕಿಂತ ಹೆಚ್ಚು. ವರದಿಯಲ್ಲಿ ಮಾತ್ರ 0.5. ನೆನಪಿನಿಂದ ಹೇಳುವುದಾದರೆ ನಮ್ಮ ಚೌಕದಲ್ಲಿ ಬೆಳಗಿನ ಜೋರು ಗಂಟೆಗೆ ಸುಮಾರು 1,400 ದ್ವಿಚಕ್ರ, 300 ಕಾರು, 100 ಆಟೋ, ಹತ್ತು ಬಸ್ಸು. ಎಲ್ಲ ಸೇರಿಸಿದರೆ ಅರ್ಧದ ಲೆಕ್ಕಕ್ಕೆ 1,140 ಪಿಸಿಯು ಆಸುಪಾಸು, ಮುಕ್ಕಾಲಿಗೆ 1,490. ಎರಡು ಲೇನಿನ ಸಬ್-ಆರ್ಟೀರಿಯಲ್ (ಮುಖ್ಯ ರಸ್ತೆಗಿಂತ ಒಂದು ಹಂತ ಕೆಳಗಿನ) ರಸ್ತೆಯ ಮಿತಿ ಗಂಟೆಗೆ 1,200 ಪಿಸಿಯು. ಈ ಒಂದು ಅಂಕಿಯಿಂದಲೇ ಅವರ ರಸ್ತೆ "ಪಾಸ್" ಆಗಿತ್ತು.

ಅದೇ ಐಆರ್‌ಸಿ ಮಾರ್ಗಸೂಚಿಯಲ್ಲಿ ಇನ್ನೊಂದು ಇದೆ. 1,200 ಎನ್ನುವುದು ಬದಿಯಲ್ಲಿ ವಾಹನ ನಿಲ್ಲದ ರಸ್ತೆಗೆ. ಎರಡೂ ಕಡೆ ಪಾರ್ಕಿಂಗ್, ಅಂಗಡಿ, ಗೇಟು ಇದ್ದರೆ ಅದು ಕಲೆಕ್ಟರ್ ರಸ್ತೆ, ಮಿತಿ 900. ನಿಂತ ಕಾರುಗಳ ಫೋಟೊ ತಾರೀಕು-ಸಮಯದ ಸಮೇತ ಹಚ್ಚಿ, ವಾದವೇ ಬೇಕಾಗುವುದಿಲ್ಲ.

ಕಾಗದದಲ್ಲಿ ಗೆರೆ ಎಳೆದು ಎಣಿಸುವುದು ನಮ್ಮಲ್ಲಿ ನಡೆಯಲಿಲ್ಲ. ಸಿಗ್ನಲ್ ಬಿಟ್ಟ ಕೂಡಲೇ ಬೈಕುಗಳು ಗುಂಪಾಗಿ ನುಗ್ಗುತ್ತವೆ. ಅಕ್ಕಪಕ್ಕ ನಿಂತ ಇಬ್ಬರ ಲೆಕ್ಕ ಐದರಲ್ಲೊಂದು ಪಾಲು ತಪ್ಪುತ್ತದೆ. ಮೂರನೇ ಮಹಡಿಗಿಂತ ಮೇಲಿನ ಟೆರೇಸಿನಿಂದ ಫೋನಿನಲ್ಲಿ ವಿಡಿಯೊ ತೆಗೆದು, ನಿಧಾನ ಮಾಡಿ, ದಿಕ್ಕಿಗೊಬ್ಬರಂತೆ 15 ನಿಮಿಷದ ತುಂಡುಗಳಲ್ಲಿ ಎಣಿಸಿ. ಮಂಗಳವಾರದಿಂದ ಗುರುವಾರದೊಳಗೆ ಮಾಡಿ. ಸೋಮವಾರ, ಶುಕ್ರವಾರ ಹಿಂಜವಡಿ ಐಟಿಯವರು ಮನೆಯಿಂದಲೇ ಕೆಲಸ ಮಾಡುವುದು ಹೆಚ್ಚು. ಗಣೇಶೋತ್ಸವ, ದೀಪಾವಳಿ ವಾರ ಬೇಡವೇ ಬೇಡ. ಎಣಿಸಿದ ಕಾಲೇಜು ಹುಡುಗರಿಗೆ ಪಾಳಿಗೆ ಐನೂರು ಕೊಟ್ಟೆವು. ಪವರ್ ಬ್ಯಾಂಕ್, ಝೆರಾಕ್ಸ್ ಸೇರಿ ಎಲ್ಲ ಇಪ್ಪತ್ತು ಸಾವಿರದೊಳಗೆ. ಕನ್ಸಲ್ಟೆಂಟ್ ಒಬ್ಬರು ಇದಕ್ಕೇ ಎರಡು ಲಕ್ಷದ ಮೇಲೆ ಕೇಳಿದ್ದರು.

ಹೊಸ ಕಟ್ಟಡದಿಂದ ಎಷ್ಟು ವಾಹನ ಹೊರಬೀಳುತ್ತದೆ? ಹತ್ತಿರದ ಅದೇ ದರದ, ಜನ ತುಂಬಿದ ಸೊಸೈಟಿಯ ಗೇಟಿನಲ್ಲಿ 8ರಿಂದ 10ರವರೆಗೆ ಎಣಿಸಿ, ಜನ ವಾಸವಿರುವ ಫ್ಲ್ಯಾಟುಗಳಿಂದ ಭಾಗಿಸಿ. ಖಾಲಿ ಫ್ಲ್ಯಾಟು ಸೇರಿಸಿದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ವಾಸವಿರುವುದು ಎಷ್ಟು ಎಂದು ಕಂಡುಹಿಡಿಯುವ ನಮ್ಮ ಉಪಾಯ ಇಲ್ಲಿ ಬರೆಯುವುದಿಲ್ಲ, ಬಿಲ್ಡರುಗಳೂ ಓದುತ್ತಾರೆ.

ಪರಿಸರದ ಅಧ್ಯಾಯವನ್ನು ಬೇರೆ ಇಡಬೇಡಿ, ಅದೂ ಲಾರಿಯಾಗಿ ಅದೇ ರಸ್ತೆಗೆ ಬರುತ್ತದೆ. 400 ಫ್ಲ್ಯಾಟು, ಮನೆಗೆ ಐವರು, ತಲೆಗೆ ದಿನಕ್ಕೆ 135 ಲೀಟರ್ ನೀರು. ಫ್ಲಶ್ಶಿಗೆ ಎಸ್‌ಟಿಪಿಯಲ್ಲಿ ಶುದ್ಧ ಮಾಡಿದ ಕೊಳಚೆ ನೀರು ಸಿಗುತ್ತದೆ ಎಂದು 45 ಬಿಟ್ಟುಕೊಟ್ಟರೂ ದಿನಕ್ಕೆ 1,80,000 ಲೀಟರ್. ಪಾಲಿಕೆ ನೀರು ಬರುವ ತನಕ 10,000 ಲೀಟರಿನ 18 ಟ್ಯಾಂಕರ್, ಹೋಗಿಬರುವುದು ಸೇರಿ 36 ಓಡಾಟ. ಅವರ ವರದಿಯಲ್ಲಿ ಟ್ಯಾಂಕರ್ ಸೊನ್ನೆ. ನೆಲಮಾಳಿಗೆಯೂ ಹಾಗೆಯೇ: 4,000 ಚದರ ಮೀಟರ್, 7 ಮೀಟರ್ ಆಳ ಅಂದರೆ 28,000 ಘನ ಮೀಟರ್. ನಮ್ಮ ಕರಿಕಲ್ಲು ಅಗೆದಾಗ ಉಬ್ಬುತ್ತದೆ, ಕಡಿಮೆಯೆಂದರೂ 1.4ರಿಂದ ಗುಣಿಸಿ. ಹತ್ತು ಘನ ಮೀಟರಿನ ಡಂಪರಿಗೆ ನಾಲ್ಕು ಸಾವಿರದಷ್ಟು ಲೋಡು. ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ವರದಿಯಲ್ಲಿ ಉತ್ತರವಿರಲಿಲ್ಲ. ನಾಲೆಯ ಬದಿಗೆ ಸುರಿದರೆ ಮಳೆಗಾಲದಲ್ಲಿ ನೀರು ನಮ್ಮ ಪಾರ್ಕಿಂಗಿಗೇ.

ಧೂಳು ಅಳೆಯಲು ಆರೇಳು ಸಾವಿರದ ಸೆನ್ಸರ್ ಕೂಡ ತಂದು ನೋಡಿದೆವು. ತೇವದ ಬೆಳಗಿನಲ್ಲಿ ಅದು ಸಿಕ್ಕಾಪಟ್ಟೆ ಹೆಚ್ಚು ತೋರಿಸುತ್ತದೆ, ಮಂಜನ್ನೇ ಧೂಳೆಂದುಕೊಳ್ಳುತ್ತದೆ. ಒಂದೇ ಮಾದರಿಯ ಎರಡನ್ನು ಗಾಳಿ ಬರುವ ಕಡೆಗೊಂದು, ಹೋಗುವ ಕಡೆಗೊಂದು ಇಟ್ಟು ವ್ಯತ್ಯಾಸ ನೋಡಬಹುದು. ಆಕ್ಷೇಪಣೆಗೆ ಹಚ್ಚಲು ಮಾನ್ಯತೆ ಇರುವ ಲ್ಯಾಬಿನ ವರದಿಯೇ ಬೇಕು.

ಅನುಮತಿ ಸಿಕ್ಕಿಯೇ ಬಿಟ್ಟರೆ ಎನ್‌ಜಿಟಿಯ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಪಶ್ಚಿಮ ವಲಯ ಪೀಠ ಪುಣೆಯಲ್ಲೇ ಇದೆ. ಮೇಲ್ಮನವಿಗೆ 30 ದಿನ, ಸಕಾರಣವಿದ್ದರೆ ಮತ್ತೆ 60. ಆದ್ದರಿಂದ ವಿಡಿಯೊದ ಮೂಲ ಫೈಲುಗಳನ್ನು ಅಳಿಸಬೇಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಎಣಿಸುವಷ್ಟು ಸ್ಪಷ್ಟತೆ ಉಳಿದಿರುವುದಿಲ್ಲ.